‘ಟೋಸ್ಟ್’ ಬರಹ ತಿದ್ದಿ ಕಳಿಸಿ, ವಿಷದ ಕಥೆ ಬಿಟ್ಟು

ಪ್ರಿಯ ಲೇಖಕರೇ,

‘ಟೋಸ್ಟ್: ಬ್ರೆಡ್ಡಿನಿಂದ ಗ್ಲಾಸಿಗೆ’ ಎಂಬ ನಿಮ್ಮ ಬರಹವನ್ನು ಓದಿದೆವು. ಬೆಂಕಿಯ ಕಾವಿಗೆ ಕೆಂಪಗಾದ ಬ್ರೆಡ್ಡಿಗೂ, ಯಾರದೋ ಹೆಸರು ಹೇಳಿ ಗ್ಲಾಸು ಎತ್ತುವುದಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಯಾಕೆ ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಆದರೆ ನೀವು ಕೊಟ್ಟ ಉತ್ತರ ಹಳಿ ತಪ್ಪಿದೆ. ಬರಹವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು.

ಮೊದಲ ಎರಡು ಪುಟ ಪೂರ್ತಿ ತೆಗೆದುಹಾಕಿ. ವಿಷ ಬೆರೆತಿದೆಯೋ ಎಂಬ ಭಯಕ್ಕೆ ಗ್ಲಾಸುಗಳನ್ನು ತಾಗಿಸುತ್ತಿದ್ದರು, ಒಬ್ಬನ ಮದ್ಯ ಇನ್ನೊಬ್ಬನದಕ್ಕೆ ಚೆಲ್ಲಿ ಬೆರೆಯುತ್ತಿತ್ತು ಎಂಬ ಕಥೆಗೆ ಆಧಾರವಿಲ್ಲ. ಹಾಗೆ ಚೆಲ್ಲಬೇಕಾದರೆ ಎರಡೂ ಪಾತ್ರೆ ಅಂಚಿನವರೆಗೆ ತುಂಬಿರಬೇಕು, ಹೊಡೆತವೂ ಜೋರಾಗಿರಬೇಕು. ಅದು ನಿಜವೇ ಆಗಿದ್ದರೂ ತಾಗಿಸುವ ರೂಢಿಗೆ ಕಾರಣ ಸಿಕ್ಕೀತೇ ಹೊರತು ಟೋಸ್ಟ್ ಎಂಬ ಪದಕ್ಕಲ್ಲ. ಆಚರಣೆಯ ಚರಿತ್ರೆ ಬೇರೆ, ಪದದ ಚರಿತ್ರೆ ಬೇರೆ. ಇನ್ನೊಬ್ಬರ ಒಳಿತು ಹಾರೈಸಿ ಕುಡಿಯುವ ಪದ್ಧತಿ ಗ್ರೀಕರಲ್ಲೂ ರೋಮನ್ನರಲ್ಲೂ ಇತ್ತು. ಅದಕ್ಕೆ ಅವರು ಟೋಸ್ಟ್ ಎನ್ನುತ್ತಿರಲಿಲ್ಲ. ನಿಮ್ಮ ಬರಹದ ಅರ್ಧ ಗೊಂದಲ ಹುಟ್ಟಿದ್ದು ಈ ಎರಡನ್ನು ಕಲಸಿದ್ದರಿಂದ.

ಇನ್ನು ‘ತುಷ್ಟಿ’. ಕುಡಿದವರಿಗೆ ತುಷ್ಟಿ, ಅಂದರೆ ತೃಪ್ತಿ, ಆದ್ದರಿಂದ ಟೋಸ್ಟ್ ಸಂಸ್ಕೃತದಿಂದ ಹೋದದ್ದು ಎಂದಿದ್ದೀರಿ. ಎರಡು ಪದಗಳ ಇಂದಿನ ಉಚ್ಚಾರ ಹತ್ತಿರವಿದೆ ಎಂಬುದು ಸಂಬಂಧಕ್ಕೆ ಸಾಕ್ಷಿಯಲ್ಲ. ಪ್ರತಿ ಪದವನ್ನೂ ಅದರ ಹಳೆಯ ರೂಪಕ್ಕೆ ಒಯ್ದು ಆಮೇಲೆ ಹೋಲಿಸಬೇಕು. ಟೋಸ್ಟ್ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನ ‘ತೋಸ್ತೆರ್’ನಿಂದ. ಅದರ ಹಿಂದಿರುವುದು ಲ್ಯಾಟಿನ್ನಿನ ‘ತೊರ್ರೇರೆ’, ಅಂದರೆ ಕಾವಿಗೆ ಒಣಗಿಸು, ಹುರಿ; ಅದರ ಭೂತಕೃದಂತ ‘ತೋಸ್ತುಸ್’. ಲ್ಯಾಟಿನ್ನಿಗೂ ಸಂಸ್ಕೃತಕ್ಕೂ ಪೂರ್ವಜವಾದ ಭಾಷೆಯ ಮೂಲ ಧಾತುವನ್ನು ಭಾಷಾಶಾಸ್ತ್ರಜ್ಞರು ‘ತೆರ್ಸ್’ ಎಂದು ಪುನಾರಚಿಸುತ್ತಾರೆ, ಅರ್ಥ ‘ಒಣಗು’. ಲ್ಯಾಟಿನ್ನಿನಲ್ಲಿ ‘ರ್ಸ್’ ಇದ್ದದ್ದು ‘ರ್ರ್’ ಆಯಿತು, ‘ಸ್ತ್’ ಹಿಂದಿನ ರಕಾರ ಬಿದ್ದುಹೋಯಿತು. ಹಾಗಾಗಿ ತೋಸ್ತುಸ್‌ನಲ್ಲಿ ರಕಾರ ಕಾಣುವುದಿಲ್ಲ. ಸಂಸ್ಕೃತದಲ್ಲಿ ಅದೇ ಧಾತುವಿನ ಸಕಾರ ಋಕಾರದ ನಂತರ ಷಕಾರವಾಗಿ ‘ತೃಷ್’ ಆಯಿತು. ನಾವು ಹೇಳುವ ತೃಷೆ, ತೃಷ್ಣೆ ಅಲ್ಲಿಂದಲೇ ಬಂದವು. ಇಂಗ್ಲಿಷಿನ ‘ಥರ್ಸ್ಟ್’ (ಬಾಯಾರಿಕೆ) ಕೂಡ ಇದೇ ಬಳ್ಳಿಯದು. ಅಂದರೆ ಟೋಸ್ಟಿಗೆ ಸಂಸ್ಕೃತದಲ್ಲಿ ನೆಂಟರಿದ್ದಾರೆ. ಆದರೆ ಆ ನೆಂಟಸ್ತಿಕೆ ತೃಪ್ತಿಯ ಕಡೆಯದಲ್ಲ, ಬಾಯಾರಿಕೆಯ ಕಡೆಯದು. ನೆಂಟ ಅಂದೆವು, ತವರು ಅನ್ನಲಿಲ್ಲ. ಟೋಸ್ಟ್ ಸಂಸ್ಕೃತದಿಂದ ‘ಬಂತು’ ಎಂದು ಮತ್ತೆ ಬರೆಯಬೇಡಿ.

ಈಗ ಬರಹದ ಹೃದಯಭಾಗ. ನೀವು ಬ್ರೆಡ್ಡಿನಿಂದ ನೇರ ಗ್ಲಾಸಿಗೆ ಹಾರಿದ್ದೀರಿ, ನಡುವಿನ ಮೆಟ್ಟಿಲೇ ಇಲ್ಲ. ಹೀಗೆ ಜೋಡಿಸಿ ನೋಡಿ. ಹುರಿ, ಕೆಂಪಗೆ ಮಾಡು ಎಂಬ ಕ್ರಿಯಾಪದ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುವುದು 1400ರ ಆಸುಪಾಸಿನಲ್ಲಿ. ಸುಟ್ಟ ಬ್ರೆಡ್ ತುಂಡಿಗೆ ಅದೇ ಹೆಸರು ಬಂದದ್ದು ಹದಿನೈದನೇ ಶತಮಾನದಲ್ಲಿ. ಆ ತುಂಡನ್ನು, ಕೆಲವೊಮ್ಮೆ ಮಸಾಲೆ ಹಚ್ಚಿ, ವೈನ್ ಅಥವಾ ಏಲ್ ಎಂಬ ಬಿಯರ್‌ನಲ್ಲಿ ಮುಳುಗಿಸುತ್ತಿದ್ದರು, ರುಚಿಗೆ. ಶೇಕ್ಸ್‌ಪಿಯರನ ‘ದ ಮೆರಿ ವೈವ್ಸ್ ಆಫ್ ವಿಂಡ್ಸರ್’ ನಾಟಕದ ಮೂರನೇ ಅಂಕದಲ್ಲಿ ಫಾಲ್‌ಸ್ಟಾಫ್ ಸ್ಯಾಕ್ ಎಂಬ ವೈನ್ ತರಿಸುವಾಗ ಅದರಲ್ಲೊಂದು ಟೋಸ್ಟ್ ಹಾಕಲು ಹೇಳುತ್ತಾನೆ. ಅದು ಬರೀ ಬ್ರೆಡ್, ಹಾರೈಕೆಯಲ್ಲ. ನೀವು ಅದನ್ನು ಹಾರೈಕೆಗೆ ಉದಾಹರಣೆ ಮಾಡಿದ್ದೀರಿ.

ಬಿಟ್ಟುಹೋದ ಮೆಟ್ಟಿಲು ಇದು: ಗ್ಲಾಸು ಎತ್ತುವ ಕ್ರಿಯೆಗಿಂತ ಮುಂಚೆ, ಯಾರ ಹೆಸರಿನಲ್ಲಿ ಎತ್ತುತ್ತಿದ್ದರೋ ಆ ಹೆಂಗಸನ್ನೇ ‘ಟೋಸ್ಟ್’ ಎನ್ನುತ್ತಿದ್ದರು. ಬ್ರೆಡ್ ತುಂಡು ಪಾನೀಯಕ್ಕೆ ರುಚಿ ಕೊಡುವಂತೆ ಆಕೆಯ ಹೆಸರೂ ಕೊಡುತ್ತದೆ ಎಂಬ ಚಮತ್ಕಾರ. ಹೆಂಗಸಿನಿಂದ ಹಾರೈಕೆಗೆ, ಹಾರೈಕೆಯಿಂದ ಭಾಷಣಕ್ಕೆ ಅರ್ಥ ಹರಡಿದ್ದು ಆಮೇಲೆ.

ಇಂಗ್ಲೆಂಡಿನ ಬಾತ್ ನಗರದ ಕಥೆಯನ್ನು ಇಟ್ಟುಕೊಳ್ಳಿ, ಆದರೆ ಬರೆಯುವ ಧಾಟಿ ಬದಲಿಸಿ. ದೊರೆ ಎರಡನೇ ಚಾರ್ಲ್ಸ್‌ನ ಕಾಲದಲ್ಲಿ ಸುಂದರಿಯೊಬ್ಬಳು ಸ್ನಾನದ ಕೊಳದಲ್ಲಿದ್ದಳು, ಅಭಿಮಾನಿಯೊಬ್ಬ ಅದೇ ನೀರನ್ನು ಗ್ಲಾಸಿನಲ್ಲಿ ತುಂಬಿ ಅವಳಿಗೆ ಹಾರೈಸಿ ಕುಡಿದ, ಅರೆಮತ್ತಿನಲ್ಲಿದ್ದ ಇನ್ನೊಬ್ಬ ‘ಪಾನೀಯ ಬೇಡ, ಟೋಸ್ಟ್ ಬೇಕು’ ಎಂದು ಕೊಳಕ್ಕೆ ಹಾರಹೊರಟ. ಇದು ‘ದ ಟ್ಯಾಟ್ಲರ್’ ಪತ್ರಿಕೆಯ 1709ರ ಜೂನ್ ಸಂಚಿಕೆಯಲ್ಲಿದೆ. ಚಾರ್ಲ್ಸ್ ತೀರಿಕೊಂಡದ್ದು 1685ರಲ್ಲಿ. ಅಂದರೆ ಕಥೆ ಅಚ್ಚಾಗುವ ಹೊತ್ತಿಗೆ ಕನಿಷ್ಠ 24 ವರ್ಷ ಹಳೆಯದು. ಅಷ್ಟರಲ್ಲಿ ಪದ ಬಳಕೆಯಲ್ಲಿತ್ತು: 1700ರ ಕಾಂಗ್ರೀವ್ ನಾಟಕ ‘ದ ವೇ ಆಫ್ ದ ವರ್ಲ್ಡ್’ನಲ್ಲಿ ಮದುವೆಯ ಕರಾರು ಮಾತಾಡುವಾಗ ನಾಯಕ ಮಿರಾಬೆಲ್ ಅದನ್ನು ಕುಡಿತದ ಅರ್ಥದಲ್ಲೇ ಬಳಸುತ್ತಾನೆ. ಆದ್ದರಿಂದ ‘ಹೀಗೆ ಹುಟ್ಟಿತು’ ಎನ್ನಬೇಡಿ; ‘1709ರಲ್ಲಿ ಹೀಗೆ ವಿವರಿಸಿದರು’ ಎನ್ನಿ.

‘ವಾಸೇಲ್’ ಎಂಬ ಪದಕ್ಕೆ ಒಂದೇ ವಾಕ್ಯ ಕೊಟ್ಟಿದ್ದೀರಿ, ಅದೂ ಟೋಸ್ಟಿನ ತಾಯಿ ಎಂದು. ಅಲ್ಲ. ‘ಆರೋಗ್ಯವಾಗಿರು’ ಎಂಬ ಹಳೆಯ ನಾರ್ಸ್ ಹಾರೈಕೆ ಇಂಗ್ಲೆಂಡಿನಲ್ಲಿ ನೆಲೆಸಿ, ಕೊನೆಗೆ ಚಳಿಗಾಲದಲ್ಲಿ ಮಸಾಲೆ ಬೆರೆಸಿ ಕಾಯಿಸಿದ ಏಲ್‌ಗೆ ಹೆಸರಾಯಿತು. ಅಲ್ಲಿ ಹಾರೈಕೆ ಪಾನೀಯವಾಯಿತು. ಇಲ್ಲಿ ಪಾನೀಯದೊಳಗಿನ ತುಂಡು ಹಾರೈಕೆಯಾಯಿತು. ಇದಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಿ. ಸೇಬಿನ ತೋಟಗಳಲ್ಲಿ ವಾಸೇಲ್ ಮಾಡುವವರು, ಅಂದರೆ ಒಳ್ಳೆಯ ಫಸಲಿಗೆ ಹಾರೈಸಿ ಕುಡಿಯುವವರು, ಸೈಡರಿನಲ್ಲಿ (ಸೇಬಿನ ಮದ್ಯದಲ್ಲಿ) ನೆನೆಸಿದ ಟೋಸ್ಟನ್ನು ಕೊಂಬೆಗೆ ಸಿಕ್ಕಿಸುವುದೂ ಅಲ್ಲೇ ಬರಲಿ. ಎರಡೂ ಪದ ಒಂದೇ ಕಡೆ ಸಿಗುವ ಜಾಗ ಅದು.

ಭಾಷೆಯ ಬಗ್ಗೆ ಚುಟುಕಾಗಿ. ‘ವಧೂವರರಿಗೆ ಒಂದು ಟೋಸ್ಟನ್ನು ಪ್ರಸ್ತಾಪಿಸಿದರು’ ಕನ್ನಡವಲ್ಲ. ‘ವಧೂವರರ ಹೆಸರಿನಲ್ಲಿ ಗ್ಲಾಸು ಎತ್ತಿದರು’ ಎಂದರೆ ಸಾಕು. ‘ಟೋಸ್ಟಿ’ ಎಂಬುದಕ್ಕೆ ‘ಉಷ್ಣಭರಿತ’ ಎಂದಿದ್ದೀರಿ. ಬೆಚ್ಚಗೆ ಅನ್ನಿ.

ಕೊನೆಯ ಪುಟದಲ್ಲಿ ಫ್ರೆಂಚರು ‘ಪೋರ್ತೆ ಅಂ ತೋಸ್ತ್’ (ಹಾರೈಸಿ ಗ್ಲಾಸು ಎತ್ತು) ಎನ್ನುವುದನ್ನು ಹಳೆಯ ಫ್ರೆಂಚಿನ ಉಳಿಕೆ ಎಂದು ಭಾವಿಸಿದ್ದೀರಿ. ಆ ‘ತೋಸ್ತ್’ ಹದಿನೆಂಟನೇ ಶತಮಾನದಲ್ಲಿ ಇಂಗ್ಲಿಷಿನಿಂದ ವಾಪಸ್ ಬಂದದ್ದು. ಅದನ್ನು ಸರಿಪಡಿಸಿ, ಪ್ರತಿ ಅರ್ಥದ ಪಕ್ಕ ವರ್ಷವನ್ನೂ ಅದು ಸಿಗುವ ಕೃತಿಯನ್ನೂ ಬರೆದು, 900 ಪದಗಳೊಳಗೆ ಕಳಿಸಿ.

ಸಂಪಾದಕರು