ಆ 12 ಜೊತೆ ಗ್ಲೌಸ್ ಈಗ ಎಲ್ಲಿವೆ?

ಕಾರ್ಕಳ ಕಡೆಯ ಒಬ್ಬ ಹುಡುಗಿಯ ಪತ್ರ ಹತ್ತು ದಿನದಿಂದ ನನ್ನ ಮೇಜಿನ ಮೇಲಿದೆ. ಈ ವಾರ ಬೇರೆ ಎರಡು ಪತ್ರಗಳಿಗೆ ಉತ್ತರ ಬರೆಯಬೇಕಿತ್ತು. ಅವು ಕಾಯಲಿ. ಇದನ್ನು ಬರೆಯದೆ ನನಗೆ ನಿದ್ದೆ ಬರುವುದಿಲ್ಲ.

ಅವರಿಗೆ 24 ವರ್ಷ. ಒಂದು ಗೇರುಬೀಜದ ಫ್ಯಾಕ್ಟರಿಯ ಆಫೀಸಿನಲ್ಲಿ ಲೆಕ್ಕ ನೋಡುತ್ತಾರೆ. ಹೊರದೇಶದ ಗಿರಾಕಿಗಳಿಗೆ ತೋರಿಸಲು ಕಂಪನಿ ಹೊಸ ಫೋಟೋ ತೆಗೆಸಿತು. ಬೆಂಗಳೂರಿನಿಂದ ಬಂದ ಫೋಟೋಗ್ರಾಫರ್ ಕೆಲಸದ ಹೆಂಗಸರನ್ನು ಒಂದು ಸುತ್ತು ನೋಡಿದರು. ಆಮೇಲೆ ಆಫೀಸಿಗೆ ಬಂದು ಇವರನ್ನು ಕರೆದರು. ತಲೆಗೆ ಬಲೆ ಟೋಪಿ, ನೀಲಿ ಏಪ್ರನ್, ಕೈಗೆ ಗ್ಲೌಸ್. ಬಿಳಿ ಬೀಜದ ತಟ್ಟೆಯ ಮುಂದೆ ಕೂರಿಸಿ ನಗಲು ಹೇಳಿದರು. ಆ ಫೋಟೋ ಈಗ ಪಡುಬಿದ್ರಿ ಹತ್ತಿರ ಹೆದ್ದಾರಿ ಬದಿಯ ದೊಡ್ಡ ಬೋರ್ಡಿನಲ್ಲಿದೆ. ಕೆಳಗೆ 'ನಮ್ಮವರ ಕೈ, ನಿಮ್ಮ ನಂಬಿಕೆ' ಎಂಬ ಸಾಲು.

ಇವರ ಪಕ್ಕದ ಮನೆಯ ಅಕ್ಕ ಅದೇ ಫ್ಯಾಕ್ಟರಿಯ ಕಟ್ಟಿಂಗ್‌ನಲ್ಲಿ, ಅಂದರೆ ಬೀಜ ಒಡೆಯುವ ಕೆಲಸದಲ್ಲಿ, 19 ವರ್ಷದಿಂದ ಇದ್ದಾರೆ. ಇವರ ಕಾಲೇಜು ಫೀಸಿಗೆ ಚೀಟಿ ಎತ್ತಿ ಹಣ ಕೊಟ್ಟವರು ಅವರೇ. ಬೋರ್ಡ್ ಎದ್ದ ದಿನದಿಂದ ಮಾತು ನಿಂತಿದೆ. ಬೆಳಿಗ್ಗೆ ಒಂದೇ ಬಸ್ಸಿಗೆ ಕಾಯುತ್ತಾರೆ, ಆದರೆ ದೂರ ದೂರ. 'ಅಕ್ಕನಿಗೆ ಹೊಟ್ಟೆಕಿಚ್ಚಾ? ಬೋರ್ಡ್ ತೆಗೆಸಲಾ? ಕ್ಷಮೆ ಕೇಳಲಾ?' ಎಂದು ಪತ್ರ ಮುಗಿಯುತ್ತದೆ.

ತಂಗೀ, ಮುಖ್ಯವಾದ ಮಾತನ್ನು ನೀವು ಮೂರನೇ ಪುಟದಲ್ಲಿ, ಎರಡೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಅವತ್ತು ನಿಮ್ಮ ಜೊತೆ ಚಂದ ಕಾಣುವ ಹನ್ನೊಂದು ಮಂದಿಯನ್ನು ಆರಿಸಿದರು. ಕಟ್ಟಿಂಗ್‌ನವರನ್ನು ಬೀಜ ಒಣಗಿಸುವ ಅಂಗಳದಲ್ಲಿ ನಿಲ್ಲಿಸಿದರು. 'ಶೂಟಿಂಗ್‌ಗೆ ಅಂತ ತಂದ ಗ್ಲೌಸ್ ಸಂಜೆ ಪೆಟ್ಟಿಗೆಗೆ ಹಾಕಿ ಸ್ಟೋರಿಗೆ ಕೊಟ್ಟೆವು. 12 ಜೊತೆ ಅಂತ ನಾನೇ ಎಣಿಸಿ ಬರೆದುಕೊಂಡೆ.'

ಅಂಗಳದಲ್ಲಿ ನಿಂತ ಅಕ್ಕ ಇದನ್ನೆಲ್ಲ ನೋಡಿದ್ದಾರೆ. ನೀವು ಎಣಿಸುವುದನ್ನೂ ನೋಡಿದ್ದಾರೆ. ಇದು ಹೊಟ್ಟೆಕಿಚ್ಚು ಅಂತ ನಿಮಗೆ ಅನಿಸಿತಲ್ಲ, ಅದು ನನಗೆ ಬೇಸರ ತಂದಿತು.

ಗೇರುಬೀಜದ ಸೊನೆ ಅಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆ ರಜೆಯಲ್ಲಿ ಹಸಿ ಬೀಜ ಕಚ್ಚಿ ತುಟಿ ಸುಟ್ಟುಕೊಳ್ಳದ ಮಕ್ಕಳು ನಮ್ಮ ಕಡೆ ಕಡಿಮೆ. ಬೀಜವನ್ನು ಹಬೆಯಲ್ಲಿ ಬೇಯಿಸಿದ ಮೇಲೂ ಸಿಪ್ಪೆಯೊಳಗೆ ಸೊನೆ ಇರುತ್ತದೆ. ಕಾಲಲ್ಲಿ ಪೆಡಲ್ ಒತ್ತುತ್ತಾ, ಒಂದೊಂದೇ ಬೀಜ ಇಟ್ಟು ಒಡೆಯುವವರ ಬೆರಳು ಕಪ್ಪಾಗುತ್ತದೆ, ಚರ್ಮ ಸುಲಿಯುತ್ತದೆ. ಹರಳೆಣ್ಣೆ ಅಥವಾ ಬೂದಿ ಸವರಿಕೊಂಡು ಕೆಲಸಕ್ಕೆ ಕೂರುತ್ತಾರೆ. ಮಧ್ಯಾಹ್ನ ಅದೇ ಕೈಯಲ್ಲಿ ಗಂಜಿ ಊಟ.

ಹಾಗೆ ಸಿಪ್ಪೆ ಒಡೆದು ತೆಗೆದ ಬೀಜ ಒಣಗಿ, ಪೊರೆ ಕಳಚಿ, ಗ್ರೇಡಿಂಗ್ ಮೇಜಿಗೆ ಬರುವಾಗ ಹಾಲಿನ ಬಣ್ಣ. ಒಂದು ಪೌಂಡಿಗೆ 300ರಿಂದ 320 ಬೀಜ ತೂಗಿದರೆ ಅದು ಡಬ್ಲ್ಯೂ 320 ಎಂಬ ದರ್ಜೆ. ಬೀಜ ಇಡಿಯಾಗಿ ಇದ್ದರೆ ಮಾತ್ರ ಆ ಹೆಸರು, ಆ ದರ. ತುಂಡಾದರೆ ಬೆಲೆ ಇಳಿಯುತ್ತದೆ. ಇಡಿಯಾಗಿ ಹೊರಗೆ ಬರುವುದು ಕಟ್ಟಿಂಗ್‌ನ ಕೈ ಪಳಗಿದ್ದರೆ ಮಾತ್ರ. ಬೋರ್ಡಿನಲ್ಲಿ ನಿಮ್ಮ ಮುಂದಿರುವ ತಟ್ಟೆ ಹಾಗೆ ತುಂಬಿದ್ದು.

ನಿಮ್ಮ ಧನಿಗಳ ಮೇಲೆ ನನಗೆ ಸಿಟ್ಟಿದೆ. ಆದರೆ ಆ ಫೋಟೋಗ್ರಾಫರ್ ಮೇಲೆ ಅದಕ್ಕಿಂತ ಜಾಸ್ತಿ ಇದೆ. ನೋಡುವುದೇ ಅವರ ಕಸುಬು, ಅಲ್ವಾ? ಒಂದು ಸುತ್ತು ಬಂದು ಎಲ್ಲ ನೋಡಿದರು. ಆ ಕೈಗಳನ್ನೂ ನೋಡಿದರು. ನೋಡಿಯೇ 'ಇವು ಫ್ರೇಮಿನಲ್ಲಿ ಬೇಡ' ಎಂದರು. ಕಂಪನಿಗೆ ಒಳ್ಳೆಯ ಹೆಸರು ಬರಲಿ ಅಂತ ಫೋಟೋ ತೆಗೆಯುವುದರಲ್ಲಿ ತಪ್ಪಿಲ್ಲ. ಕಿಟಕಿ ತೆರೆದು ಬೆಳಕು ಬಿಡಿ, ನೆಲ ಒರೆಸಿ, ಒಳ್ಳೆಯ ಸೀರೆ ಉಟ್ಟು ಬನ್ನಿ ಅನ್ನಿ. ಇಲ್ಲದ ಗ್ಲೌಸನ್ನು ಒಂದು ದಿನಕ್ಕೆ ತರಿಸಿ ತೋರಿಸಿದರೆ ಅದು ಸುಳ್ಳು.

ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ದುಡಿಯುವವರ ಫೋಟೋದ ಕೆಳಗೆ ಅವರ ಹೆಸರಿರಬೇಕು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹಳೇ ಮನೆಯ ಮಾಡಿನಿಂದ ಇಳಿಸಿದ ಹಂಚು ತಿರುಗಿಸಿದರೆ ಇವತ್ತೂ ಕಂಪನಿಯ ಹೆಸರು, ಇಸವಿ ಕಾಣುತ್ತದೆ. ಮಣ್ಣು ತುಳಿದವರ ಹೆಸರು ಯಾವ ಹಂಚಿನಲ್ಲೂ ಇಲ್ಲ. ನಿಮ್ಮ ಬೋರ್ಡಿನಲ್ಲೂ ಇಲ್ಲ. ಬೋರ್ಡಿನಲ್ಲಿ ಕಟ್ಟಿಂಗ್‌ನವರ ಮುಖವೂ ಇಲ್ಲ.

ನಿಮ್ಮ ಭಯ ನನಗೆ ಗೊತ್ತಾಗುತ್ತದೆ. ಮನೆಯಲ್ಲಿ ನಿಮ್ಮ ಸಂಬಳವೇ ಆಧಾರ ಎಂದಿದ್ದೀರಿ. 'ಬನ್ನಿ' ಎಂದು ಕರೆದಾಗ ಇಲ್ಲ ಅನ್ನುವುದು ಸುಲಭವಲ್ಲ. ಕೂತು ನಕ್ಕದ್ದಕ್ಕೆ ನಾನು ನಿಮ್ಮನ್ನು ಬೈಯುವುದಿಲ್ಲ.

ಬೋರ್ಡ್ ತೆಗೆಸುವ ಯೋಚನೆ ಬಿಡಿ. ಅದು ಇಳಿದರೆ ನಿಮ್ಮ ಮನಸ್ಸು ಹಗುರ ಆದೀತು, ಅಕ್ಕನ ಕೈಗೆ ಏನೂ ಸಿಗುವುದಿಲ್ಲ. ಮಾಡಬೇಕಾದದ್ದು ಒಂದೇ. ಸೋಮವಾರ ಧನಿಗಳಿಗೆ ಒಂದು ಕಾಗದ ಕೊಡಿ. ಕಟ್ಟಿಂಗ್‌ನ ಪ್ರತಿಯೊಬ್ಬರಿಗೂ ಗ್ಲೌಸ್ ಸಿಗಬೇಕು, ಅದು ಸಿಗುವ ತನಕ ನನ್ನ ಫೋಟೋವನ್ನು ಹೊಸದಾಗಿ ಎಲ್ಲೂ ಬಳಸಬೇಡಿ ಎಂದು ಬರೆಯಿರಿ. ದುಡ್ಡು ಕೊಟ್ಟು ತೆಗೆಸಿದ ಫೋಟೋ ಸಾಮಾನ್ಯವಾಗಿ ಕಂಪನಿಯದ್ದೇ, ನಿಜ. ಆದರೆ ಮುಖ ನಿಮ್ಮದು. ಕೊಟ್ಟ ಒಪ್ಪಿಗೆಯನ್ನು ಹಿಂದೆ ಪಡೆಯಬಹುದು ಎಂಬ ಮಾತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಇದೆ. ಮೆತ್ತಗೆ ಬರೆಯಿರಿ, ಆದರೆ ಬರೆದೇ ಕೊಡಿ. ಬಾಯಿಮಾತು ಬೇಡ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಸೂಪರ್‌ವೈಸರ್ ಏನು ಹೇಳುತ್ತಾರೆ ಅಂತ ನನಗೆ ಗೊತ್ತು. 'ಗ್ಲೌಸ್ ಕೊಟ್ಟರೂ ಇವರು ಹಾಕುವುದಿಲ್ಲ.' ಅದರಲ್ಲಿ ಸ್ವಲ್ಪ ನಿಜ ಇದೆ. ಕೂಲಿ ಕಿಲೋ ಲೆಕ್ಕದಲ್ಲಿ. ದಪ್ಪ ಗ್ಲೌಸ್ ಹಾಕಿದರೆ ಬೆರಳು ಓಡುವುದಿಲ್ಲ, ಸಂಜೆ ತೂಕ ಕಡಿಮೆ, ಕೈಗೆ ಬರುವ ದುಡ್ಡೂ ಕಡಿಮೆ. ಹಾಗಾಗಿ ಯಾವ ಗ್ಲೌಸ್ ಆಗುತ್ತದೆ ಅಂತ ಹಾಕಿಕೊಳ್ಳುವವರನ್ನೇ ಕೇಳಲಿ. ಕೆಲಸ ನಿಧಾನ ಆದರೆ ಕಿಲೋ ದರ ಏರಿಸಲಿ. ಲೆಕ್ಕ ನೋಡುವವರು ನೀವು. ಎಷ್ಟು ಏರಿಸಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಕಾಗದದ ಜೊತೆ ಇಡಿ.

ಅದಕ್ಕೆ ಮೊದಲು ಅಕ್ಕನ ಮನೆಗೆ ಹೋಗಿ ಸುಮ್ನೆ ಅಳಬೇಡಿ. ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರ ತಲೆಗೆ ಬರುತ್ತದೆ. ಕಾಗದ ಕೊಟ್ಟ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ ಹತ್ತಿರ ಹೋಗಿ ನಿಂತು, ಏನು ಬರೆದಿರಿ ಅಂತ ಓದಿ ಹೇಳಿ.

ಆಮೇಲೆ ನನಗೂ ಎರಡು ಸಾಲು ಬರೆಯಿರಿ. ಅಕ್ಕನ ಹೆಸರು ಏನೆಂದು ತಿಳಿಸಿ. ಅಚ್ಚಿಗಲ್ಲ, ನನಗೆ. ನಾಲ್ಕು ಪುಟದ ಪತ್ರದಲ್ಲಿ ಎಲ್ಲ ಕಡೆ 'ಪಕ್ಕದ ಮನೆಯ ಅಕ್ಕ' ಎಂದೇ ಇದೆ.