ಮಿಶ್ರ ವಿಧಾನದ ಸಂಶೋಧನೆ ಗಟ್ಟಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಅಂಕಿಅಂಶವೂ ಸಂದರ್ಶನವೂ ಎರಡೂ ಇವೆಯೇ ಎಂದಲ್ಲ, ಅವು ಒಂದನ್ನೊಂದು ಮುಟ್ಟಿವೆಯೇ ಎಂದು ಮೊದಲು ನೋಡಿ. ಆ ಜೋಡಣೆ ಇಲ್ಲದಿದ್ದರೆ ಅದು ಒಂದೇ ರಟ್ಟಿನೊಳಗಿನ ಎರಡು ಬೇರೆ ಅಧ್ಯಯನ, ಅಷ್ಟೇ.

ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅದರ ಪರಿಣಾಮವನ್ನು ಯಾರೋ ಅಧ್ಯಯನ ಮಾಡಿದರು ಎಂದುಕೊಳ್ಳಿ. ಕೊಳವೆಬಾವಿಯ ಅಳತೆ ನೀರು ಏರಿದೆ ಎನ್ನುತ್ತದೆ. ರೈತರು ಆ ನೀರನ್ನು ನಂಬಲಾರೆವು ಎನ್ನುತ್ತಾರೆ. ದುರ್ಬಲ ವರದಿ ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆದು ಕೈತೊಳೆದುಕೊಳ್ಳುತ್ತದೆ. ಒಳ್ಳೆಯ ವರದಿ ಆ ಬಿರುಕಿನಲ್ಲೇ ನಿಂತು ಕೇಳುತ್ತದೆ: ಮಟ್ಟವನ್ನು ಅಳೆದೆವು, ನೀರಿನ ಗುಣವನ್ನು ಅಳೆದೆವೇ? ಮಾತನಾಡಿಸಿದ ರೈತರು ಅಳತೆ ನಡೆದ ಊರಿನವರೇ? ನನ್ನ ದೃಷ್ಟಿಯಲ್ಲಿ ಇದೇ ಅತಿ ಮುಖ್ಯ ಪರೀಕ್ಷೆ.

ಎರಡು ವಿಧಾನ ಏಕೆ ಬೇಕಾಯಿತು ಎಂಬ ಕಾರಣವೂ ವರದಿಯಲ್ಲಿರಬೇಕು. ಜೊತೆಗೆ ಪ್ರತಿ ಭಾಗವೂ ತನ್ನದೇ ಮಾನದಂಡದಲ್ಲಿ ಗೆಲ್ಲಬೇಕು. ಸಮೀಕ್ಷೆಯ ಮಾದರಿ ಆಯ್ಕೆ ಹದಗೆಟ್ಟಿದ್ದರೆ ಎಷ್ಟೇ ಆಳವಾದ ಸಂದರ್ಶನವೂ ಅದನ್ನು ಎತ್ತಿ ನಿಲ್ಲಿಸಲಾರದು.

ಇಂಥ ಸಂಶೋಧನೆಯ ಗುಣಮಟ್ಟ ನೋಡಲು ಬಳಸುವ ಎಂಎಂಎಟಿ (ಮಿಕ್ಸ್ಡ್ ಮೆಥಡ್ಸ್ ಅಪ್ರೈಸಲ್ ಟೂಲ್) ಎಂಬ ಪರಿಶೀಲನಾ ಪಟ್ಟಿಯ 2018ರ ಆವೃತ್ತಿ ಒಟ್ಟು ಅಂಕ ಕೊಡುವುದನ್ನು ಪ್ರೋತ್ಸಾಹಿಸುವುದಿಲ್ಲ. ಯಾವ ಭಾಗ ಸೋತಿತು ಎಂಬುದನ್ನು ಒಂದು ಅಂಕ ಮುಚ್ಚಿಬಿಡುತ್ತದೆ.