ಮೊದಲ ಸಲ ಸ್ಕೀಯಿಂಗ್‌ಗೆ ಆಲ್ಪ್ಸ್‌ನಲ್ಲಿ ಎಷ್ಟು ಎತ್ತರದ ಊರು ಒಳ್ಳೆಯದು? ಜೆರ್ಮಾಟ್ ಅಥವಾ ಓಬರ್‌ಗುರ್ಗ್ಲ್?

ಗಂಡ ಹೆಂಡತಿ ಇಬ್ಬರೂ ಸ್ಕೀ ಮುಟ್ಟಿಲ್ಲ, ಫೆಬ್ರವರಿಯಲ್ಲಿ ಐದು ದಿನ ರಜೆ, ಎತ್ತರ ಇದ್ದಷ್ಟೂ ಹಿಮ ಗ್ಯಾರಂಟಿ ಅಂತ ಬರೆದಿದ್ದೀರಿ. 2018ರ ಫೆಬ್ರವರಿಯಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಮ್ಯೂನಿಕ್‌ಗೆ ಬಂದು ಒಂದೂವರೆ ವರ್ಷ ಆಗಿತ್ತು. ಮೂರು ವಾರ ರಾತ್ರಿಯೆಲ್ಲ ಕೂತು ಊರು ಊರಿನ ಎತ್ತರ ಹೋಲಿಸಿ, ಆಸ್ಟ್ರಿಯಾದ ಓಬರ್‌ಗುರ್ಗ್ಲ್ ಆರಿಸಿದೆ. ಊರೇ ಸುಮಾರು 1,930 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಎಷ್ಟು ಎತ್ತರವೋ ಅಲ್ಲಿ ಚರ್ಚು, ಹೋಟೆಲು, ಬಸ್ ಸ್ಟಾಪು ಎಲ್ಲ ಇವೆ. ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟುಗಳು 3,000 ಮೀಟರ್ ದಾಟಿ ಹೋಗುತ್ತವೆ. ಇನ್ಸ್‌ಬ್ರುಕ್ ದಾಟಿ ಓಟ್ಸ್‌ಟಾಲ್ ಸ್ಟೇಷನ್‌ನಲ್ಲಿ ಇಳಿದು, ಕಣಿವೆಯ ಕೊನೆಯವರೆಗೂ ಬಸ್ಸಿನಲ್ಲಿ ಹೋದೆ. ಹಿಮ ಬೇಕಾದಷ್ಟಿತ್ತು. ಆ ಲೆಕ್ಕ ತಪ್ಪಿರಲಿಲ್ಲ.

ತಪ್ಪಿದ್ದು ಬೂಟಿನ ಲೆಕ್ಕ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ದಯವಿಟ್ಟು ಓದಿ.

ಬಾಡಿಗೆ ಅಂಗಡಿಯ ಹುಡುಗಿ ನನ್ನ ಪಾದ ಅಳೆದಳು. 26.5 ಸೆಂಟಿಮೀಟರ್. ಸ್ಕೀ ಬೂಟಿನ ನಂಬರ್ ಅಂದರೆ ಪಾದದ ಉದ್ದವೇ, ಸೆಂಟಿಮೀಟರ್‌ನಲ್ಲಿ. ಹಾಗಾಗಿ 26.5ರ ಬೂಟು ಕೊಟ್ಟಳು. ಹಾಕಿ ನೆಟ್ಟಗೆ ನಿಂತೆ, ಹೆಬ್ಬೆರಳು ಮುಂದೆ ತಗುಲಿತು. ಚಿಕ್ಕದಾಯಿತು ಅಂದೆ. ಮಂಡಿ ಬಗ್ಗಿಸಿ ನೋಡಿ ಅಂದಳು. ನಾನು ನೋಡಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ದಾವಣಗೆರೆಯಲ್ಲಿ ಅಪ್ಪ ಶೂ ಕೊಡಿಸುತ್ತಿದ್ದರು. ಮುಂದೆ ಒಂದು ಬೆರಳು ಜಾಗ ಇರಲೇಬೇಕು ಅನ್ನುವುದು ಅವರ ನಿಯಮ. ಅದೇ ನನ್ನ ತಲೆಯಲ್ಲಿತ್ತು. ಜೊತೆಗೆ ಚಳಿಯ ಭಯ. ಎರಡು ಜೊತೆ ಉಣ್ಣೆಯ ಸಾಕ್ಸ್ ಹಾಕುವ ಆಸೆ. ಒತ್ತಾಯ ಮಾಡಿ 28ರ ಬೂಟು ತಗೊಂಡೆ. ಹುಡುಗಿಯ ತಪ್ಪು ಏನೂ ಇಲ್ಲ.

ಅದರಿಂದ ಏನಾಗುತ್ತದೆ ನೋಡಿ. ಸ್ಕೀ ತಿರುಗುವುದು ಪಾದದಿಂದಲ್ಲ. ಮೊಣಕಾಲಿನ ಕೆಳಗಿನ ಮೂಳೆಯಿಂದ ಬೂಟಿನ ಮುಂಭಾಗವನ್ನು ಒತ್ತಿದಾಗ ಆ ಒತ್ತು ಸ್ಕೀಗೆ ಹೋಗುತ್ತದೆ. ಬೂಟು ದೊಡ್ಡದಾದರೆ ಮುಂದೆ ಬಾಗಿದಾಗ ಹಿಮ್ಮಡಿ ಮೇಲೇಳುತ್ತದೆ. ಪಾದ ಒಳಗೇ ಜಾರುತ್ತದೆ, ಸ್ಕೀ ತನ್ನ ಪಾಡಿಗೆ ಹೋಗುತ್ತಿರುತ್ತದೆ. ಸಡಿಲ ಅನಿಸಿ ಬಕಲ್‌ಗಳನ್ನು ಬಿಗಿ ಮಾಡುತ್ತೀರಿ. ಆಗ ರಕ್ತ ಓಡುವುದು ಕಮ್ಮಿಯಾಗಿ ಬೆರಳು ಮರಗಟ್ಟುತ್ತವೆ. ಎರಡು ಸಾಕ್ಸ್ ಬೆವರು ಹಿಡಿದಿಟ್ಟುಕೊಂಡು ಇನ್ನಷ್ಟು ತಣ್ಣಗಾಗುತ್ತವೆ. ಚಳಿಗೆ ಹೆದರಿ ಮಾಡಿದ ಕೆಲಸ ಚಳಿಯನ್ನೇ ತಂದಿತು. ಮೊದಲ ದಿನ ಮಧ್ಯಾಹ್ನಕ್ಕೇ ನನ್ನ ಕಾಲ್ಬೆರಳು ನನ್ನವು ಅನಿಸುತ್ತಿರಲಿಲ್ಲ. ಹೇಳಿಕೊಡುವವರು ಬೂಟು ಹೇಗಿದೆ ಅಂತ ಕೇಳಿದ್ದರು. ಆರಾಮಾಗಿದೆ ಅಂದುಬಿಟ್ಟೆ. ಅಂಗಡಿಯಲ್ಲಿ ಚಪ್ಪಲಿಯ ಹಾಗೆ ಆರಾಮಾಗಿರುವ ಸ್ಕೀ ಬೂಟು ಸರಿಯಾದ ಬೂಟಲ್ಲ.

ಎರಡನೇ ದಿನ ಮಧ್ಯಾಹ್ನ ಕ್ಲಾಸ್ ಮುಗಿದ ಮೇಲೆ ಒಬ್ಬನೇ ನೀಲಿ ಗುರುತಿನ ಇಳಿಜಾರಿಗೆ ಹೋದೆ. ನೀಲಿ ಅಂದರೆ ಸುಲಭದ್ದು. ಅಷ್ಟರಲ್ಲಿ ಮೋಡ ಇಳಿಯಿತು. ಇಲ್ಲಿ ಎತ್ತರದ ವಿಷಯ ಬರುತ್ತದೆ. ಅಷ್ಟು ಮೇಲೆ ಮರಗಳಿಲ್ಲ. ಮೋಡ ಬಂದರೆ ನೆಲ, ಆಕಾಶ ಎರಡೂ ಒಂದೇ ಬಿಳಿ. ಇಳಿಜಾರು ಎಲ್ಲಿ ಕಡಿದಾಗಿದೆ ಗೊತ್ತಾಗುವುದಿಲ್ಲ. ನಿಂತಿದ್ದೀನಾ, ಜಾರುತ್ತಿದ್ದೀನಾ ಅನ್ನುವುದೂ ಗೊತ್ತಾಗುವುದಿಲ್ಲ. ವೇಗ ಜಾಸ್ತಿಯಾಯಿತು. ಕಲಿಸಿದ ಹಾಗೆ ಸ್ಕೀಗಳ ಹಿಂಬದಿ ಅಗಲ ಮಾಡಲು ಹೋದೆ. ಬೂಟಿನೊಳಗೆ ಪಾದ ತಿರುಗಿತು, ಸ್ಕೀ ತಿರುಗಲಿಲ್ಲ. ಹೆದರಿ ಹಿಂದಕ್ಕೆ ವಾಲಿದೆ. ಬಲ ಸ್ಕೀ ಹೊರಗೆ ಹೋಯಿತು, ಮಂಡಿ ಒಳಗೆ ಹೋಯಿತು.

ಮಂಡಿಯ ಒಳಬದಿಯ ಲಿಗಮೆಂಟ್ ಎಳೆದಿತ್ತು. ಆರು ವಾರ ಪಟ್ಟಿ, ಆಮೇಲೆ ಫಿಸಿಯೋಥೆರಪಿ. ಕೆಳಗೆ ತಂದಿದ್ದು ರಕ್ಷಣಾ ತಂಡದವರ ಜಾರುಬಂಡಿಯಲ್ಲಿ. ಅದರ ಬಿಲ್ಲನ್ನು ನನ್ನ ಆರೋಗ್ಯ ವಿಮೆ ಕೊಡಲಿಲ್ಲ. ನೀವು ಹೊರಡುವ ಮೊದಲೇ ಜರ್ಮನಿಯ ಅಥವಾ ಆಸ್ಟ್ರಿಯಾದ ಆಲ್ಪೈನ್ ಕ್ಲಬ್ (ಬೆಟ್ಟ ಹತ್ತುವವರ ಸಂಘ) ಸದಸ್ಯತ್ವ ಮಾಡಿಸಿ, ಅದರಲ್ಲಿ ಪರ್ವತ ರಕ್ಷಣೆಯ ವಿಮೆ ಸೇರಿರುತ್ತದೆ. ಉಳಿದ ಎರಡು ದಿನ ರೂಮಿನಲ್ಲಿ ಕಾಲು ಚಾಚಿ ಕೂತು ಊರಿನ ಕತೆ ಓದಿದೆ. 1931ರಲ್ಲಿ ಸ್ವಿಸ್ ವಿಜ್ಞಾನಿ ಒಗಸ್ಟ್ ಪಿಕಾರ್ ಬಲೂನಿನಲ್ಲಿ 15,781 ಮೀಟರ್ ಏರಿ ಇಳಿದದ್ದು ಇದೇ ಊರಿನ ಮೇಲಿನ ಹಿಮನದಿಯ ಮೇಲಂತೆ. ಕಿಟಕಿಯಿಂದ ಬೆಟ್ಟ ನೋಡುತ್ತಾ ಅದನ್ನೇ ಯೋಚಿಸುತ್ತಿದ್ದೆ.

ಈಗ ನಿಮ್ಮ ಪ್ರಶ್ನೆ. ಎರಡೂ ಬೇಡ.

ಮೊದಲ ಐದು ದಿನದಲ್ಲಿ ನಿಮಗೆ ಬೇಕಾಗುವುದು ನೂರಿನ್ನೂರು ಮೀಟರ್ ಉದ್ದದ, ಅಗಲವಾದ, ಮೆತ್ತಗಿನ ಒಂದು ಇಳಿಜಾರು ಮತ್ತು ತಾಳ್ಮೆಯ ಒಬ್ಬ ಮೇಷ್ಟ್ರು. ಸ್ವಿಟ್ಜರ್ಲೆಂಡ್‌ನ ಜೆರ್ಮಾಟ್‌ನಲ್ಲಿ ಕೇಬಲ್ ಕಾರು 3,883 ಮೀಟರ್‌ವರೆಗೆ ಹೋಗುತ್ತದೆ, ನಿಜ. ಆದರೆ ಅಲ್ಲಿಂದ ಸ್ಕೀಯಲ್ಲಿ ಇಳಿಯುವವರು ನೀವಲ್ಲ, ಈ ವರ್ಷ ಅಲ್ಲ. ಅಲ್ಲಿನ ಮ್ಯಾಟರ್‌ಹಾರ್ನ್ ಶಿಖರ ನೋಡುವ ಆಸೆಯಿದ್ದರೆ ಬೇಸಿಗೆಯಲ್ಲಿ ಹೋಗಿ. ಊರೊಳಗೆ ಹೊರಗಿನ ಕಾರು ಬಿಡುವುದಿಲ್ಲ, ಪಕ್ಕದ ಊರು ಟೇಶ್‌ನಲ್ಲಿ ಬಿಟ್ಟು ರೈಲು ಹತ್ತಬೇಕು. 1898ರಿಂದ ಓಡುತ್ತಿರುವ ಗೋರ್ನರ್‌ಗ್ರಾಟ್ ರೈಲಿನಲ್ಲಿ 3,089 ಮೀಟರ್‌ಗೆ ಹೋಗಿ ಕೂತು ನೋಡಿ. ತುಂಬಾ ಚೆನ್ನಾಗಿದೆ.

ಫೆಬ್ರವರಿಗೆ ಆಸ್ಟ್ರಿಯಾದ ಎಲ್‌ಮೌ ತರಹದ ಕೆಳಗಿನ ಊರು ಸಾಕು. 800 ಮೀಟರ್ ಆಸುಪಾಸಿನಲ್ಲಿದೆ. ಹಿಮ ಕಮ್ಮಿಯಾದರೆ ಯಂತ್ರದಿಂದ ಹಿಮ ಹಾಕುತ್ತಾರೆ, ಕಲಿಯುವ ಜಾಗ ಊರ ಪಕ್ಕದಲ್ಲೇ ಇದೆ, ಮೋಡ ಬಂದರೆ ಮರಗಳು ಕಾಣುತ್ತವೆ. ಬವೇರಿಯಾದ ಶಾಲೆಗಳಿಗೆ ರಜೆ ಇರುವ ವಾರ ಮಾತ್ರ ತಪ್ಪಿಸಿ. ಎತ್ತರ ಕೆಲಸಕ್ಕೆ ಬರುವುದು ಡಿಸೆಂಬರ್ ಶುರುವಿನಲ್ಲಿ, ಇಲ್ಲವೇ ಮಾರ್ಚ್ ಮಧ್ಯದಿಂದ ಆಚೆಗೆ. ಓಬರ್‌ಗುರ್ಗ್ಲೇ ಬೇಕು ಅಂದರೆ ರಜೆಯನ್ನು ಮಾರ್ಚ್‌ಗೆ ಹಾಕಿ.

ಇಡೀ ಬೆಟ್ಟದ ಲಿಫ್ಟುಗಳಿಗೆ ಐದು ದಿನದ ಪಾಸ್ ಮೊದಲೇ ಕೊಳ್ಳಬೇಡಿ. ಆ ದುಡ್ಡನ್ನು ಮೇಷ್ಟ್ರಿಗೆ ಕೊಡಿ. ಅಂಗಡಿಯಲ್ಲಿ ತೂಕ ಕೇಳಿದರೆ ಸರಿಯಾದ ತೂಕ ಹೇಳಿ. ಬಿದ್ದಾಗ ಬೂಟು ಸ್ಕೀಯಿಂದ ಬಿಟ್ಟುಕೊಳ್ಳುವುದು ಆ ಲೆಕ್ಕದ ಮೇಲೆ.

2019ರ ಮಾರ್ಚ್‌ನಲ್ಲಿ ಅದೇ ಓಬರ್‌ಗುರ್ಗ್ಲ್‌ಗೆ ಮತ್ತೆ ಹೋದೆ. 26.5ರ ಬೂಟು, ಮಂಡಿವರೆಗಿನ ತೆಳು ಸಾಕ್ಸ್ ಒಂದೇ ಜೊತೆ, ಒಳಗಿನ ಪ್ಯಾಂಟು ಬೂಟಿನ ಹೊರಗೆ. ನೆಟ್ಟಗೆ ನಿಂತಾಗ ಬೆರಳು ತಗುಲಿತು. ಮಂಡಿ ಬಗ್ಗಿಸಿದೆ, ಪಾದ ಹಿಂದೆ ಸರಿದು ಬೆರಳು ಬಿಡಿಸಿಕೊಂಡಿತು. ಆ ಹುಡುಗಿ ನೋಡಿ ಅಂದಿದ್ದು ಇದನ್ನೇ. ಮೂರನೇ ದಿನ ಅದೇ ನೀಲಿ ಇಳಿಜಾರಿನಲ್ಲಿ ಕಾಲು ಒತ್ತಿದೆ, ಸ್ಕೀ ತಿರುಗಿತು. ಮತ್ತೆ ಒತ್ತಿದೆ, ಮತ್ತೆ ತಿರುಗಿತು. ಕಣ್ಣಲ್ಲಿ ನೀರು ಬಂತು.

ಇವತ್ತು ರಾತ್ರಿ ಇಬ್ಬರೂ ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು ಪಾದ ಅಳೆದುಕೊಳ್ಳಿ. ಎಡ ಬಲ ಎರಡೂ ಅಳೆಯಿರಿ, ಒಂದೇ ಇರುವುದಿಲ್ಲ. ಉದ್ದ ಇರುವ ಪಾದದ ಅಳತೆ ಬರೆದಿಟ್ಟುಕೊಂಡು ಅಂಗಡಿಗೆ ಹೋಗಿ.